ಹಸಿವಿಗೆ ಗಡಿಯಾರ ಗೊತ್ತು, ಲೆಕ್ಕ ಗೊತ್ತಿಲ್ಲ

ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ. ಈ ಪದ್ಧತಿ ಹಿಡಿದವರಿಂದ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ ಕೈಗೆ ಕೆಲಸವೇ ಹತ್ತುವುದಿಲ್ಲ ಎಂಬುದು ಒಂದು. ಇಷ್ಟೆಲ್ಲ ತಾಳಿಕೊಂಡರೂ ಮೂರನೆಯ ವಾರ ತೂಕದ ಯಂತ್ರ ಒಂದೂವರೆ ಕಿಲೋ ಜಾಸ್ತಿಯೇ ತೋರಿಸುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಸಿದ್ಧ ಉತ್ತರಗಳು ಹರಿದಾಡುತ್ತಿವೆ. "ದೇಹ ಬರಗಾಲ ಬಂತೆಂದು ಹೆದರಿ ಎಲ್ಲವನ್ನೂ ಕೊಬ್ಬಾಗಿ ಕೂಡಿಡುತ್ತಿದೆ" ಅನ್ನುವವರು ಕೆಲವರು. "ನಿಮ್ಮ ಇನ್ಸುಲಿನ್ ಇನ್ನೂ ಇಳಿದಿಲ್ಲ, ಉಪವಾಸವನ್ನು ಇಪ್ಪತ್ತು ಗಂಟೆಗೆ ಏರಿಸಿ" ಅನ್ನುವವರು ಹಲವರು. ಮೊದಲನೆಯದು ತಪ್ಪು. ಎರಡನೆಯದು ಅರೆಸತ್ಯ, ಕೆಲವರ ಪಾಲಿಗೆ ಅಪಾಯ ಕೂಡ.

ಹಸಿವೆಂದರೆ ಟ್ಯಾಂಕಿನಲ್ಲಿ ಇಂಧನ ಮುಗಿದ ಸೂಚನೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಲೆಕ್ಕ ಹಾಕಿ ನೋಡಿ. 70 ಕಿಲೋ ತೂಗುವ ಸಾಧಾರಣ ಮೈಕಟ್ಟಿನವರಲ್ಲಿ 15 ಕಿಲೋ ಕೊಬ್ಬಿದೆ ಎಂದುಕೊಳ್ಳಿ. ಕಿಲೋಗೆ ಸುಮಾರು 7,700 ಕ್ಯಾಲೊರಿ ಹಿಡಿದರೆ ಒಂದು ಲಕ್ಷದ ಹದಿನೈದು ಸಾವಿರ ದಾಟುತ್ತದೆ. ದಿನಕ್ಕೆ 2,000 ಖರ್ಚಾದರೂ ಐವತ್ತು ದಿನ ಮೀರಿ ಬರುವ ದಾಸ್ತಾನು. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ 1965-66ರಲ್ಲಿ ಡಂಡೀ ನಗರದ ವೈದ್ಯರ ನಿಗಾದಲ್ಲಿ, ವಿಟಮಿನ್ನು, ಲವಣ, ಯೀಸ್ಟ್‌ನಂಥವನ್ನಷ್ಟೇ ಸೇವಿಸುತ್ತ 382 ದಿನ ಊಟವಿಲ್ಲದೆ ಕಳೆದು, 207 ಕಿಲೋದಿಂದ 82ಕ್ಕೆ ಇಳಿದರು. ಅನುಕರಿಸಲಿ ಎಂದು ಇದನ್ನು ಹೇಳುತ್ತಿಲ್ಲ. ಅದೇ ದಶಕದಲ್ಲಿ ಇಂಥ ದೀರ್ಘ ಉಪವಾಸ ಚಿಕಿತ್ಸೆಗೆ ಒಳಗಾದ ಕೆಲವರು ಸತ್ತೂ ಇದ್ದಾರೆ. ಹದಿನಾರು ಗಂಟೆಗೆ ಯಾರ ಟ್ಯಾಂಕೂ ಬರಿದಾಗುವುದಿಲ್ಲ ಎಂಬುದಷ್ಟೇ ಇಲ್ಲಿಯ ವಿಷಯ. ಹಾಗಾದರೆ ಹನ್ನೊಂದು ಗಂಟೆಗೆ ಒಳಗಿನಿಂದ ಕೂಗುವುದು ಯಾರು?

ಗ್ರೆಲಿನ್. ಹೊಟ್ಟೆಯ ಮೇಲ್ಭಾಗದ ಒಳಪದರದಲ್ಲಿ ಹುಟ್ಟುವ, 28 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇದನ್ನು ಇಲಿಯ ಹೊಟ್ಟೆಯಿಂದ ಬೇರ್ಪಡಿಸಿದರು. ಊಟಕ್ಕೆ ಮುಂಚೆ ರಕ್ತದಲ್ಲಿ ಇದರ ಮಟ್ಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಉಂಡ ಗಂಟೆಯೊಳಗೆ ಇಳಿಯುತ್ತದೆ. ಇಲ್ಲಿಯವರೆಗೂ ವಿಶೇಷವೇನಿಲ್ಲ. ವಿಶೇಷ ಬಯಲಾದದ್ದು ಜನರನ್ನು 33 ಗಂಟೆ ಉಪವಾಸವಿರಿಸಿ ಪದೇಪದೇ ರಕ್ತ ತೆಗೆದು ನೋಡಿದಾಗ. ಗಂಟೆಗಳು ಉರುಳಿದಂತೆ ಗ್ರೆಲಿನ್ ಏರುತ್ತಲೇ ಹೋಗಲಿಲ್ಲ. ತಿಂಡಿಯ ಹೊತ್ತಿಗೆ ಏರಿತು, ಏನೂ ತಿನ್ನದಿದ್ದರೂ ತಾನಾಗಿ ಇಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಏರಿತು, ಮತ್ತೆ ಇಳಿಯಿತು. ರಾತ್ರಿ ಊಟದ ಹೊತ್ತಿಗೂ ಹಾಗೆಯೇ.

ಹಾಲು ಕರೆಯುವ ಹೊತ್ತಾದರೆ ಹಸು ಕೊಟ್ಟಿಗೆಯ ಬಾಗಿಲ ಕಡೆ ಕತ್ತು ತಿರುಗಿಸುತ್ತದೆ. ಹೊಸ ಹುಲ್ಲು ಬಂತೇ ಇಲ್ಲವೇ ಎಂದು ವಿಚಾರಿಸಿ ತಿರುಗಿಸುವುದಿಲ್ಲ. ಗ್ರೆಲಿನ್ನಿನದೂ ಅದೇ ಚಾಳಿ. ಅಥವಾ ಬಸ್ಸೆಂದುಕೊಳ್ಳಿ: ಹತ್ತುವವರಿರಲಿ ಬಿಡಲಿ, ವೇಳಾಪಟ್ಟಿಯಂತೆ ನಿಲ್ದಾಣಕ್ಕೆ ಬರುತ್ತದೆ, ಕೊಂಚ ನಿಂತು ಹೊರಡುತ್ತದೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಶಾಲೆಯ ತಾನೇತಾನಾಗಿ ಬಾರಿಸುವ ಗಂಟೆ. ರಜೆಯ ದಿನವೂ ಹನ್ನೊಂದಕ್ಕೆ ಬಾರಿಸುತ್ತದೆ. ಅದು ನಿಲ್ಲಬೇಕಾದರೆ ಯಾರಾದರೂ ಹೋಗಿ ಸಮಯವನ್ನು ಬದಲಿಸಬೇಕು. ಮೂರು ಹೋಲಿಕೆ ಅತಿಯಾಯಿತೇನೋ, ಆದರೆ ಈ ಒಂದು ಸಂಗತಿ ಮನಸ್ಸಿಗಿಳಿದರೆ ಉಪವಾಸದ ಅರ್ಧ ಗೋಳು ತಪ್ಪುತ್ತದೆ.

ಹೊಟ್ಟೆಯ ಗಡಿಯಾರಕ್ಕೆ ಪಾಠ ಹೇಳುವುದು ನಾವು ನಿತ್ಯ ಉಣ್ಣುವ ಹೊತ್ತು. ಸೋಮವಾರ ಹನ್ನೆರಡಕ್ಕೆ, ಮಂಗಳವಾರ ಎರಡಕ್ಕೆ, ಭಾನುವಾರ ಬೆಳಿಗ್ಗೆ ಎಂಟಕ್ಕೇ ತಿಂಡಿ ಎಂದು ಓಲಾಡಿದರೆ ಗಡಿಯಾರ ಯಾವ ಹೊತ್ತನ್ನೂ ಮರೆಯುವುದಿಲ್ಲ, ಎಲ್ಲ ಹೊತ್ತಿಗೂ ಬಾರಿಸುತ್ತದೆ. ಹನ್ನೊಂದಕ್ಕೆ ತಡೆಯಲಾರದೆ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡಿರೋ, ಹನ್ನೊಂದು ಊಟದ ಹೊತ್ತೇ ಹೌದು ಎಂದು ನೀವೇ ಸಹಿ ಹಾಕಿಕೊಟ್ಟಂತೆ. ಆದ್ದರಿಂದ ಎಂಟರ ತಿಂಡಿಯನ್ನು ಏಕಾಏಕಿ ಹನ್ನೆರಡಕ್ಕೆ ತಳ್ಳಬಾರದು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಮುಂದೂಡಿ. ತಲುಪಿದ ಹೊತ್ತನ್ನು ರಜೆಯ ದಿನವೂ ಬಿಡದೆ ಕನಿಷ್ಠ ಎರಡು ವಾರ ಪಾಲಿಸಿ. ನಡುವೆ ಅಲೆ ಎದ್ದಾಗ ಒಂದು ದೊಡ್ಡ ಲೋಟ ನೀರು ಕುಡಿದು, ಹತ್ತು ಹದಿನೈದು ನಿಮಿಷ ನಡೆದಾಡಿ. ಬಸ್ಸು ಹೋಗುತ್ತದೆ.

ಹೊಟ್ಟೆಯ ಗುರುಗುರು ಸದ್ದಿನ ಬಗ್ಗೆಯೂ ಒಂದು ಮಾತು. 1912ರಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ತಮ್ಮ ವಿದ್ಯಾರ್ಥಿ ವಾಶ್‌ಬರ್ನ್‌ಗೆ ಬಲೂನು ನುಂಗಿಸಿದರು. ನಳಿಕೆಯ ತುದಿಗೆ ಕಟ್ಟಿದ ಬಲೂನು ಹೊಟ್ಟೆಯಲ್ಲಿ ಉಬ್ಬಿಕೊಂಡಿರುತ್ತಿತ್ತು, ಹಸಿವೆನಿಸಿದಾಗಲೆಲ್ಲ ವಾಶ್‌ಬರ್ನ್ ಒಂದು ಕೀಲಿ ಒತ್ತುತ್ತಿದ್ದರು. ಹೊಟ್ಟೆ ಹಿಂಡಿದ ಗುರುತೂ ಕೀಲಿ ಒತ್ತಿದ ಗುರುತೂ ಜೊತೆಜೊತೆಗೇ ಬಿದ್ದವು. ಹಸಿವೆಂದರೆ ಹೊಟ್ಟೆಯ ಹಿಂಡುವಿಕೆಯೇ ಎಂದು ಕ್ಯಾನನ್ ತೀರ್ಮಾನಿಸಿದರು. ಸೊಗಸಾದ ಪ್ರಯೋಗ, ಪೂರ್ತಿ ಸರಿಯಲ್ಲದ ತೀರ್ಮಾನ: ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಹೊಟ್ಟೆಯಿಂದ ಸಣ್ಣಕರುಳಿನುದ್ದಕ್ಕೂ ಬಲವಾದ ಹಿಂಡುವಿಕೆಯ ಅಲೆಯೊಂದು ಸಾಗಿ, ಉಳಿದ ತುಣುಕುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಕೆಳಗೆ ಗುಡಿಸುತ್ತದೆ. ನಿಮಗೆ ಕೇಳಿಸುವುದು ಪೊರಕೆಯ ಸದ್ದು. ಅನ್ನ ಬೇಡುವ ಸದ್ದೆಂದು ನಾವು ತಿಳಿದುಕೊಂಡಿದ್ದೇವೆ.

ಇನ್ನು ತೂಕ. ಇಲ್ಲಿ ಮೊದಲು ಸಂಶಯಪಡಬೇಕಾದದ್ದು ಯಂತ್ರ ತೋರಿಸುವ ಅಂಕಿಯನ್ನು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಸಕ್ಕರೆಯ ಈ ದಾಸ್ತಾನು ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಎಲ್ಲ ಸೇರಿದರೆ ಎರಡು ಕಿಲೋ. ಮೊದಲ ವಾರ ಸಂಭ್ರಮದಿಂದ ಕಳೆದುಕೊಳ್ಳುವ ತೂಕದಲ್ಲಿ ದೊಡ್ಡ ಪಾಲು ಇದೇ, ಪಿಷ್ಟ ತುಂಬಿದ ಒಂದೆರಡು ಊಟಕ್ಕೆ ಮರಳಿ ಬರುವುದೂ ಇದೇ. ಉಪ್ಪು ಇದಕ್ಕೆ ಜೊತೆಗಾರ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹೊರಗೆ ಬಿಡುತ್ತವೆ, ಅದರೊಂದಿಗೆ ನೀರೂ ಹೋಗುತ್ತದೆ. ಉಪವಾಸದ ಆರಂಭದ ತಲೆನೋವು, ಎದ್ದಾಗ ಕಣ್ಣು ಕತ್ತಲಿಡುವುದು ಎಷ್ಟೋ ಸಲ ಇದರಿಂದಲೇ. ಹಲವರು ಇದನ್ನೂ ಹಸಿವೆಂದೇ ಎಣಿಸುತ್ತಾರೆ. ಸಂಜೆ ಉಪ್ಪುಪ್ಪಾಗಿ ಉಂಡರೆ ನೀರು ವಾಪಸು. ರಾತ್ರಿ ಒಂಬತ್ತರ ಭಾರೀ ಊಟ ಮರುದಿನ ಬೆಳಿಗ್ಗೆ ಇನ್ನೂ ಕರುಳಿನಲ್ಲೇ ಇರುತ್ತದೆ, ಅದೂ ತೂಗುತ್ತದೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರ ನೊಂದ ಸ್ನಾಯುಗಳು, ಮುಟ್ಟಿನ ಮುಂಚಿನ ದಿನಗಳು, ಎರಡೂ ನೀರು ಹಿಡಿಯುತ್ತವೆ.

ಹಾಗಾಗಿ ತೂಗುವುದಕ್ಕೂ ಒಂದು ಕ್ರಮ ಬೇಕು. ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಯಂತ್ರದಲ್ಲಿ ದಿನವೂ ತೂಗಿ ಬರೆದಿಡಿ. ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಯ ಪಕ್ಕಕ್ಕಿಡಿ. ಮುಟ್ಟಾಗುವವರು ಹೋಲಿಸಬೇಕಾದದ್ದು ಹಿಂದಿನ ಚಕ್ರದ ಅದೇ ವಾರದೊಂದಿಗೆ.

ನಾಲ್ಕು ವಾರ ಸರಾಸರಿಯೇ ಏರುತ್ತಿದ್ದರೆ ನೀರಿನ ಮೇಲೆ ಗೂಬೆ ಕೂರಿಸುವ ಹಾಗಿಲ್ಲ. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ. 28 ದಿನಕ್ಕೆ ಹಂಚಿದರೆ ದಿನಕ್ಕೆ 275. ಒಂದು ಹಿಡಿ ಬಾದಾಮಿ, ಅಂದರೆ 30 ಗ್ರಾಂ, ಸುಮಾರು 175. ಒಂದು ಲೋಟ ಹಣ್ಣಿನ ರಸ 90. ಮುಗಿಯಿತು, ಅದೂ "ಆರೋಗ್ಯಕರ" ಪದಾರ್ಥಗಳಲ್ಲೇ! ಅಡುಗೆಗೆ ಕಣ್ಣಂದಾಜಿನಲ್ಲಿ ಸುರಿಯುವ ಎಣ್ಣೆ ದೊಡ್ಡ ಚಮಚಕ್ಕೆ 120. ಹಾಲು ಸಕ್ಕರೆ ಹಾಕಿದ ಪಾನೀಯ ಲೋಟಕ್ಕೆ 90 ಆದರೆ ಮೂರು ಲೋಟಕ್ಕೆ 270. ಇಂಥ ಪಾನೀಯದಿಂದ "ಉಪವಾಸ ಮುರಿಯಿತೇ" ಎಂದು ಗಂಟೆಗಟ್ಟಲೆ ವಾದಿಸುವವರು ಈ ಗುಣಾಕಾರವನ್ನು ಮಾತ್ರ ಮಾಡುವುದಿಲ್ಲ. ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಪರೀಕ್ಷಿಸಿದ ವರದಿ 1992ರಲ್ಲಿ ಪ್ರಕಟವಾಯಿತು. ಅವರ ಚಯಾಪಚಯ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ವೇಗ, ಸರಿಯಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ 47 ಶೇಕಡ ಕಡಿಮೆ ಬರೆದಿದ್ದರು. ಸುಳ್ಳುಗಾರರೆಂದು ಅರ್ಥವಲ್ಲ, ಕಣ್ಣಳತೆ ಎಲ್ಲರಿಗೂ ಮೋಸ ಮಾಡುತ್ತದೆ.

"ಎಂಟು ಗಂಟೆಯೊಳಗೆ ಏನು ತಿಂದರೂ ನಡೆಯುತ್ತದೆ" ಎಂಬ ನಂಬಿಕೆ ಹುಟ್ಟಿದ್ದರಲ್ಲಿ ಇಲಿಗಳ ಪಾತ್ರ ದೊಡ್ಡದು. ಕೊಬ್ಬು ತುಂಬಿದ ಆಹಾರವನ್ನು ದಿನಕ್ಕೆ ಎಂಟೇ ಗಂಟೆ ಕೊಟ್ಟ ಇಲಿಗಳು, ಅಷ್ಟೇ ಕ್ಯಾಲೊರಿಯನ್ನು ಇಡೀ ದಿನ ತಿಂದ ಇಲಿಗಳಷ್ಟು ಬೊಜ್ಜು ಬೆಳೆಸಲಿಲ್ಲ ಎಂದು ಸಚ್ಚಿದಾನಂದ ಪಾಂಡಾ ಅವರ ತಂಡ 2012ರಲ್ಲಿ ತೋರಿಸಿತು. ಪ್ರಯೋಗ ಚೆನ್ನಾಗಿತ್ತು. ಆದರೆ ಇಲಿಯ ಪುಟ್ಟ ಒಡಲು ಬಹುಬೇಗ ಉರಿಯುತ್ತದೆ, ಅದಕ್ಕೆ ಹದಿನಾರು ಗಂಟೆ ನಮ್ಮ ಹದಿನಾರು ಗಂಟೆಯಲ್ಲ. ಮನುಷ್ಯರಲ್ಲಿ 2020ರ ಪ್ರಯೋಗವೊಂದು 116 ಜನರನ್ನು 12 ವಾರ ಗಮನಿಸಿತು: ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಉಂಡವರು 0.94 ಕಿಲೋ, ಮೂರು ಹೊತ್ತು ಉಂಡವರು 0.68 ಕಿಲೋ ಇಳಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಚೀನಾದ ಗುವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದರು. ಇಲ್ಲಿ ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಇತ್ತು. ಅವಧಿ ಪಾಲಿಸಿದವರು 8.0, ಪಾಲಿಸದವರು 6.3 ಕಿಲೋ ಇಳಿದರು, ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಇದು ಖಚಿತ ವ್ಯತ್ಯಾಸವಲ್ಲ. ಊಟದ ಅವಧಿ ಒಂದು ಬೇಲಿ. ಬೇಲಿಯೊಳಗೆ ಮೇಯುವುದು ಕಡಿಮೆಯಾದರೆ ತೂಕ ಇಳಿಯುತ್ತದೆ.

"ಬರಗಾಲ" ವಾದಕ್ಕೂ ಉತ್ತರ ಬಾಕಿಯಿದೆ. ಉಪವಾಸದ ಮೊದಲ ಒಂದೆರಡು ದಿನ ದೇಹವನ್ನು ಚುರುಕಾಗಿಸುವ ನಾರ್‌ಅಡ್ರಿನಲಿನ್ ಹಾರ್ಮೋನು ಏರುವುದರಿಂದ ವಿಶ್ರಾಂತಿಯಲ್ಲಿನ ಶಕ್ತಿವ್ಯಯ ಕುಗ್ಗುವ ಬದಲು ಕೊಂಚ ಹೆಚ್ಚಬಹುದು. ಅದು ತಗ್ಗುವುದು ವಾರಗಟ್ಟಲೆ ಕಡಿಮೆ ಉಂಡು ತೂಕ ಇಳಿದಾಗ. ಜೊತೆಗೆ ನಮಗರಿವಿಲ್ಲದೆ ಓಡಾಟವೂ ಕಡಿಮೆಯಾಗುತ್ತದೆ: ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿಯುತ್ತೇವೆ, ನಿಲ್ಲುವಲ್ಲಿ ಕೂರುತ್ತೇವೆ. ಹೆಜ್ಜೆಗಳ ಎಣಿಕೆಯನ್ನು ಉಪವಾಸಕ್ಕೆ ಮುಂಚಿನ ಮಟ್ಟದಲ್ಲೇ ಉಳಿಸಿಕೊಂಡರೆ ಈ ಸೋರಿಕೆ ನಿಲ್ಲುತ್ತದೆ.

ಸಂಜೆಯ ಅತಿಯೂಟಕ್ಕೆ ಮದ್ದು ಮೊದಲ ಊಟದಲ್ಲಿದೆ. ಉಪವಾಸವನ್ನು ಸಿಹಿಯಿಂದಲೋ ಬರೀ ಪಿಷ್ಟದಿಂದಲೋ ಮುರಿದರೆ ರಕ್ತದ ಸಕ್ಕರೆ ಸರ್ರನೆ ಏರಿ ಇಳಿಯುತ್ತದೆ, ಕೆಲವರಿಗೆ ಎರಡು ಮೂರು ಗಂಟೆಯಲ್ಲೇ ಮತ್ತೆ ಹಸಿವು. ಪ್ರೋಟೀನ್ ಮತ್ತು ತರಕಾರಿ ಮೊದಲು, ಪಿಷ್ಟ ಕೊನೆಗೆ. ತೂಕ ಇಳಿಸುವವರಿಗೆ ದೇಹತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋದವರಿಗೆ 84ರಿಂದ 112 ಗ್ರಾಂ. ಎರಡೇ ಊಟವೆಂದರೆ ಒಂದೊಂದರಲ್ಲೂ 40 ಗ್ರಾಂ ಮೀರಬೇಕು. ಎರಡು ಮೊಟ್ಟೆಗೆ 12, ಬೇಯಿಸಿದ 200 ಗ್ರಾಂ ಬೇಳೆಗೆ 18, ನೀರು ಬಸಿದ ಗಟ್ಟಿ ಮೊಸರು 100 ಗ್ರಾಮಿಗೆ 10: ಇಷ್ಟಾದರೂ ಬರೀ 40. ಎಂಟು ಗಂಟೆಯಲ್ಲಿ ಇದನ್ನು ತುಂಬಿಸುವುದು ಸುಲಭವಲ್ಲ, ತುಂಬಿಸದಿದ್ದರೆ ಕರಗುವುದು ಸ್ನಾಯು. ಮೇಲೆ ಹೇಳಿದ 2020ರ ಪ್ರಯೋಗದಲ್ಲೂ ಅವಧಿ ಪಾಲಿಸಿ ದೇಹರಚನೆಯ ಅಳತೆಗೆ ಒಳಗಾದವರು ಕಳೆದುಕೊಂಡ ತೂಕದಲ್ಲಿ ಹೆಚ್ಚಿನ ಪಾಲು ಕೊಬ್ಬಾಗಿರಲಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಕರುಳಿನಿಂದ ಮಿದುಳಿಗೆ ಮುಟ್ಟಲು ಹೊತ್ತು ಹಿಡಿಯುವುದರಿಂದ, ಎರಡನೆಯ ಸಲ ಬಡಿಸಿಕೊಳ್ಳುವ ಮುಂಚೆ ಇಪ್ಪತ್ತು ನಿಮಿಷ ಬಿಡಿ.

ನಿದ್ದೆಗೆಟ್ಟರೆ ಇದೆಲ್ಲ ನೀರಿನಲ್ಲಿ ಹೋಮ. 2004ರಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಗ್ರೆಲಿನ್ 28 ಶೇಕಡ ಏರಿತು, ತೃಪ್ತಿಯ ಹಾರ್ಮೋನಾದ ಲೆಪ್ಟಿನ್ 18 ಶೇಕಡ ಇಳಿಯಿತು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಪ್ರಮಾಣ ಬದಲಿಸದೆ ಉಪವಾಸಕ್ಕೆ ಇಳಿಯಬಾರದು. ಗರ್ಭಿಣಿಯರು, ಮೊಲೆಯೂಡಿಸುವವರು, ಬೆಳೆಯುವ ಮಕ್ಕಳು, ಹಿಂದೆ ಆಹಾರಸೇವನೆಯ ಕಾಯಿಲೆ ಇದ್ದವರು ಇದರ ತಂಟೆಗೇ ಹೋಗಬಾರದು. ಅವಧಿ ತೆರೆದ ಕೂಡಲೇ ಹಿಡಿತ ತಪ್ಪಿ ತಿನ್ನುವುದು ವಾರಕ್ಕೆ ಎರಡು ಮೂರು ಸಲ ಆಗುತ್ತಿದ್ದರೆ ಹನ್ನೆರಡು ಗಂಟೆಯ ಉಪವಾಸಕ್ಕೆ ಮರಳಿ, ಊಟವನ್ನು ಮೂರಾಗಿ ಹಂಚಿ. ಹಸಿವು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರೆ, ರಾತ್ರಿ ಎಬ್ಬಿಸುತ್ತಿದ್ದರೆ, ಜೊತೆಗೆ ಅತಿ ಬಾಯಾರಿಕೆ, ಚಳಿ ತಡೆಯಲಾಗದಿರುವುದು ಅಥವಾ ಕಾಲೂತ ಕಂಡರೆ ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಬೇಕು. ವೈದ್ಯರ ಬಳಿಗೆ ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನೂ ಒಯ್ಯಿರಿ: ಸ್ಟಿರಾಯ್ಡ್‌ಗಳು ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಹಸಿವನ್ನೂ ತೂಕವನ್ನೂ ಏರಿಸುತ್ತವೆ. ಅಂಥವನ್ನು ನೀವಾಗಿಯೇ ನಿಲ್ಲಿಸಬೇಡಿ.