ಬೆಂಗಳೂರಿನಲ್ಲಿ ಶಾಲೆ ಹುಡುಕುವವರು ಹತ್ತನೇ ಕ್ಲಾಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ದಸರೆ-ದೀಪಾವಳಿ ಹೊತ್ತಿಗೇ ಬೆಂಗಳೂರಿನ ಖಾಸಗಿ ಶಾಲೆಗಳ ಗೇಟಿನಲ್ಲಿ ‘ಅಡ್ಮಿಷನ್ ಓಪನ್’ ಬ್ಯಾನರ್ ಕಾಣಿಸಿಕೊಳ್ಳುತ್ತದೆ. ಮೂರು ವರ್ಷದ ಮಗುವಿನ ಅಪ್ಪ-ಅಮ್ಮನಿಗೆ ಆಗಲೇ ತಡವಾಯಿತೇನೋ ಎಂಬ ಗಾಬರಿ. ಆ ಗಾಬರಿಯಲ್ಲಿ ಅವರು ಹುಡುಕುವುದು ಎಲ್‌ಕೆಜಿಗೆ ಒಂದು ಸೀಟು. ಆದರೆ ಅಲ್ಲಿ ಒಪ್ಪಿಕೊಳ್ಳುವ ಫೀಸು, ದೂರ, ಭಾಷೆ ಎಲ್ಲವೂ ಎಸ್‌ಎಸ್‌ಎಲ್‌ಸಿವರೆಗೆ ಜೊತೆಗೆ ಬರುತ್ತವೆ. ಹಾಗಾಗಿ ಲೆಕ್ಕವನ್ನು ಹತ್ತನೇ ಕ್ಲಾಸಿನಿಂದ ಹಿಂದಕ್ಕೆ ಹಾಕಬೇಕು. ಈ ಮಗು ಯಾವ ಬೋರ್ಡಿನ ಪರೀಕ್ಷೆ ಬರೆಯಲಿದೆ? ಆ ಪರೀಕ್ಷೆಗೆ ಕೂರಿಸುವ ಅಧಿಕಾರ ಈ ಶಾಲೆಗೆ ಇದೆಯೇ? ಅಲ್ಲಿಯವರೆಗೆ ಫೀಸು ಕಟ್ಟಲು ಮನೆಯ ಆದಾಯ ಸಾಕೇ? ನಡುವೆ ಶಾಲೆ ಬದಲಿಸಲೇಬೇಕಾಗುತ್ತದೆಯೇ? ಸರ್ಕಾರಿಯೋ ಖಾಸಗಿಯೋ ಎಂಬ ಪ್ರಶ್ನೆ ಇವೆಲ್ಲ ಆದ ಮೇಲಿನದು.

ಮೊದಲು ವಯಸ್ಸು. ರಾಜ್ಯ ಸರ್ಕಾರದ 2022ರ ಆದೇಶದಂತೆ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ನೇ ಸಾಲಿಗೆ ಮಾತ್ರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಎಂದರೆ ಎಲ್‌ಕೆಜಿಗೆ ಸೇರಿಸುವ ವರ್ಷ ಜೂನ್ 1ಕ್ಕೆ ಮಗುವಿಗೆ 4 ತುಂಬಿರಲಿ. ‘ಮಗು ಚುರುಕಾಗಿದೆ, ಸೇರಿಸಿಬಿಡಿ’ ಎಂದು ಮೂರೂವರೆ ವರ್ಷಕ್ಕೇ ಸೇರಿಸಿಕೊಳ್ಳುವ ಪ್ಲೇಸ್ಕೂಲುಗಳಿವೆ. ಅಂಥ ಮಕ್ಕಳು ಯುಕೆಜಿ ಮುಗಿಸಿ ಒಂದನೇ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾರೆ, ಯುಕೆಜಿಯನ್ನೇ ಮತ್ತೊಮ್ಮೆ ಓದಬೇಕಾಗುತ್ತದೆ, ಒಂದು ವರ್ಷದ ಫೀಸು ದಂಡ. ಕೇಂದ್ರೀಯ ವಿದ್ಯಾಲಯದ ಮೇಲೆ ಕಣ್ಣಿಟ್ಟವರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ 6 ವರ್ಷ ತುಂಬಬೇಕಾದದ್ದು ಮಾರ್ಚ್ 31ಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಗು ರಾಜ್ಯದ ಶಾಲೆಗೆ ಅರ್ಹ, ಅದೇ ವರ್ಷ ಕೇಂದ್ರೀಯ ವಿದ್ಯಾಲಯಕ್ಕೆ ಅರ್ಹವಲ್ಲ.

ಇನ್ನು ಕಾಗದಪತ್ರ. ಅತಿ ಹೆಚ್ಚು ಪೋಷಕರು ಮೋಸಹೋಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಕರ್ನಾಟಕದಲ್ಲಿ ಖಾಸಗಿ ಶಾಲೆ ನಡೆಸಲು ಮೊದಲು ಶಿಕ್ಷಣ ಇಲಾಖೆಯ ಅನುಮತಿ ಮತ್ತು ಮಾನ್ಯತೆ ಬೇಕು. ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಯಾವ ಮಾಧ್ಯಮ ಎಂಬುದು ಆ ಆದೇಶದಲ್ಲೇ ಬರೆದಿರುತ್ತದೆ. ಸಿಬಿಎಸ್‌ಇ ಸಂಯೋಜನೆ (ಅಫಿಲಿಯೇಷನ್) ಬರುವುದು ಅದಾದ ಮೇಲೆ. ಈ ಎರಡರ ನಡುವಿನ ವರ್ಷಗಳಲ್ಲಿ ಕೆಲವು ಶಾಲೆಗಳು ರಾಜ್ಯ ಪಠ್ಯಕ್ರಮದ ಮಾನ್ಯತೆ ಇಟ್ಟುಕೊಂಡು ಸಿಬಿಎಸ್‌ಇ ಪುಸ್ತಕ ಕಲಿಸುತ್ತವೆ, ಸಿಬಿಎಸ್‌ಇ ಎಂದೇ ಫೀಸು ವಸೂಲಿ ಮಾಡುತ್ತವೆ. 2023ರ ಆರಂಭದಲ್ಲಿ ರಾಜ್ಯ ಪಠ್ಯಕ್ರಮದ 5 ಮತ್ತು 8ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಎಂದು ಸರ್ಕಾರ ಹೇಳಿದಾಗ, ಸಿಬಿಎಸ್‌ಇ ಎಂದು ನಂಬಿ ಲಕ್ಷಗಟ್ಟಲೆ ಕಟ್ಟಿದ್ದ ಬೆಂಗಳೂರಿನ ಪೋಷಕರಿಗೆ ತಮ್ಮ ಮಕ್ಕಳೂ ಆ ಪರೀಕ್ಷೆ ಬರೆಯಬೇಕೆಂಬುದು ಗೊತ್ತಾಯಿತು. ಆ ಮಕ್ಕಳು ಓದಿದ್ದೇ ಬೇರೆ ಪುಸ್ತಕ.

ಇದನ್ನು ತಪ್ಪಿಸಲು ಬೇಕಾದದ್ದು ಹತ್ತು ನಿಮಿಷ ಮತ್ತು ಒಂದು ಮೊಬೈಲು. ಶಾಲೆಯವರಿಂದ ಸಂಯೋಜನಾ ಸಂಖ್ಯೆ ಕೇಳಿ. ಸಿಬಿಎಸ್‌ಇಯಲ್ಲಿ ಕರ್ನಾಟಕದ ಶಾಲೆಗಳ ಸಂಖ್ಯೆ 83ರಿಂದ ಶುರುವಾಗುತ್ತದೆ, ಐಸಿಎಸ್‌ಇ ಶಾಲೆಗಳ ಕೋಡು ಕೆಎ ಅಕ್ಷರಗಳಿಂದ. ಆಯಾ ಮಂಡಳಿಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ, ಹೆಸರಿಗಿಂತ ಹೆಚ್ಚಾಗಿ ವಿಳಾಸವನ್ನು ತಾಳೆ ನೋಡಿ. ಒಂದೇ ಹೆಸರಿನ ಹತ್ತು ಶಾಖೆಗಳಿದ್ದರೆ ಸಂಯೋಜನೆ ಪ್ರತಿ ಶಾಖೆಗೂ ಬೇರೆಬೇರೆ. ಜಯನಗರದ ಶಾಖೆಯ ಸಂಖ್ಯೆ ವೈಟ್‌ಫೀಲ್ಡ್ ಶಾಖೆಯ ಮಗುವಿಗೆ ಕೆಲಸಕ್ಕೆ ಬಾರದು. ಸಂಯೋಜನೆ ಯಾವ ವರ್ಷದವರೆಗಿದೆ, ಹತ್ತನೆಯವರೆಗೋ ಹನ್ನೆರಡರವರೆಗೋ ಎಂಬುದೂ ಅಲ್ಲೇ ಸಿಗುತ್ತದೆ. ‘ಅರ್ಜಿ ಹಾಕಿದ್ದೇವೆ, ಮಗು ಎಂಟಕ್ಕೆ ಬರುವಷ್ಟರಲ್ಲಿ ಬರುತ್ತದೆ’ ಎಂದರೆ ಆ ಶಾಲೆ ಇಂದಿಗೆ ರಾಜ್ಯ ಪಠ್ಯಕ್ರಮದ ಶಾಲೆ ಎಂದೇ ತಿಳಿದು ನಿರ್ಧರಿಸಿ.

ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಮಾನ್ಯತೆ ಆದೇಶದ ಪ್ರತಿ ಕೇಳಿ. ಮಾಧ್ಯಮದ ಕಾಲಂ ಓದಿ: ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುವುದು ನಮ್ಮಲ್ಲಿ ಹಳೆಯ ಕಾಯಿಲೆ. ಎಲ್ಲ ಮಾನ್ಯ ಶಾಲೆಗಳಿಗೂ 11 ಅಂಕಿಯ ಯುಡೈಸ್ (ದೇಶದ ಶಾಲೆಗಳ ಸರ್ಕಾರಿ ಮಾಹಿತಿಕೋಶ) ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಆರಂಭ. ಯುಡೈಸ್ ಜಾಲತಾಣದ ‘ನೋ ಯುವರ್ ಸ್ಕೂಲ್’ ಪುಟದಲ್ಲಿ ಆ ಸಂಖ್ಯೆ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ ಎಷ್ಟು ಎಂಬ ವಿವರ ಬರುತ್ತದೆ. ಅನುಮಾನ ಬಂದರೆ ಆ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ವಿಚಾರಿಸಿ. ಶಾಲೆಗೆ ಸೇರಿದ ಮಗುವಿಗೆ ಸ್ಯಾಟ್ಸ್ ಸಂಖ್ಯೆ (ರಾಜ್ಯ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಕೊಡಲು ಶಾಲೆಯವರು ತಡವರಿಸಿದರೆ ಅದು ಗಂಭೀರ ಸೂಚನೆ. ಆ ಸಂಖ್ಯೆ ಇಲ್ಲದೆ ಎಸ್‌ಎಸ್‌ಎಲ್‌ಸಿ ನೋಂದಣಿ ಆಗುವುದಿಲ್ಲ.

ಸಿಬಿಎಸ್‌ಇ ಶಾಲೆಗಳು ತಮ್ಮ ಜಾಲತಾಣದಲ್ಲಿ ಕಡ್ಡಾಯವಾಗಿ ಹಾಕಬೇಕಾದ ಒಂದು ಮಾಹಿತಿ ಪುಟವಿದೆ. ಮಾನ್ಯತೆ, ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ ಪತ್ರಗಳು, ಫೀಸಿನ ವಿವರ, ಕಳೆದ ಮೂರು ವರ್ಷದ ಫಲಿತಾಂಶ, ಶಿಕ್ಷಕರ ಸಂಖ್ಯೆ ಎಲ್ಲ ಅಲ್ಲಿರಬೇಕು. ಅಗ್ನಿ ಸುರಕ್ಷತಾ ಪತ್ರದ ದಿನಾಂಕ ನೋಡಿ. ಮಂಡಳಿಯ ನಿಯಮದಂತೆ ಒಂದು ಸೆಕ್ಷನ್‌ಗೆ ಒಂದೂವರೆ ಶಿಕ್ಷಕರಿರಬೇಕು: 20 ಸೆಕ್ಷನ್‌ಗೆ 30. ಕೊಠಡಿ ಕನಿಷ್ಠ 500 ಚದರ ಅಡಿ, ಸೆಕ್ಷನ್‌ನಲ್ಲಿ ಸಾಮಾನ್ಯವಾಗಿ 40 ಮಕ್ಕಳ ಮಿತಿ. ಫೀಸಿನ ಕೊಂಡಿ ಒತ್ತಿದಾಗ ಖಾಲಿ ಪುಟ ಬಂದರೆ, ಪ್ರಿನ್ಸಿಪಾಲರ ಮುಂದೆ ಕೂತಾಗ ಅದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ಫೀಸಿನ ಲೆಕ್ಕವನ್ನು ಬಹಳ ಜನ ಒಂದು ವರ್ಷಕ್ಕೆ ಹಾಕುತ್ತಾರೆ. ಎಲ್‌ಕೆಜಿಗೆ ವರ್ಷಕ್ಕೆ 1 ಲಕ್ಷ, ಪ್ರತಿ ವರ್ಷ ಶೇ 10ರ ಏರಿಕೆ ಎಂದಿಟ್ಟುಕೊಳ್ಳಿ. ಹತ್ತನೇ ತರಗತಿಯ ವರ್ಷ ಅದು ಸುಮಾರು 2.85 ಲಕ್ಷವಾಗುತ್ತದೆ, ಹನ್ನೆರಡು ವರ್ಷದ ಒಟ್ಟು ಮೊತ್ತ 21 ಲಕ್ಷ ದಾಟುತ್ತದೆ. ಒಂದು ಮಗುವಿಗೆ. ವ್ಯಾನು, ಪುಸ್ತಕ, ಸಮವಸ್ತ್ರ, ಊಟ, ಟ್ಯೂಷನ್ ಇದರಲ್ಲಿಲ್ಲ. ಎರಡನೇ ಮಗು ಹುಟ್ಟಿದ ಮೇಲೆ ಅಥವಾ ಒಬ್ಬರ ಕೆಲಸ ಹೋದ ಮೇಲೆ ಆರನೇ ಕ್ಲಾಸಿನಲ್ಲಿ ಮಗುವನ್ನು ಗೆಳೆಯರಿಂದ ಕಿತ್ತು ಬೇರೆಡೆ ಹಾಕುವುದು ಮಗುವಿಗೆ ತುಂಬ ನೋವಿನ ವಿಷಯ. ಅದಕ್ಕಿಂತ ಕಡಿಮೆ ಫೀಸಿನ ಶಾಲೆಯಲ್ಲಿ ಹತ್ತರವರೆಗೆ ನಿರಾಳವಾಗಿ ಓದಿಸುವುದು ಮೇಲು. ಖಾಸಗಿ ಅನುದಾನರಹಿತ ಶಾಲೆಗಳ ಫೀಸು ನಿಯಂತ್ರಿಸಲು ರಾಜ್ಯಕ್ಕೆ ಅಧಿಕಾರ ಕೊಡುತ್ತಿದ್ದ ನಿಯಮಗಳನ್ನು ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಪಡಿಸಿದೆ, ಹಾಗಾಗಿ ‘ಜಾಸ್ತಿ ಮಾಡಿದರೆ ಇಲಾಖೆಗೆ ದೂರು ಕೊಡೋಣ’ ಎಂದು ನೆಚ್ಚಿಕೊಳ್ಳಬೇಡಿ. ಕಳೆದ ಮೂರು ವರ್ಷದಲ್ಲಿ ಎಷ್ಟೆಷ್ಟು ಏರಿಸಿದ್ದಾರೆಂದು ಅದೇ ಶಾಲೆಯ ಮೂರನೇ ಕ್ಲಾಸಿನ ಪೋಷಕರನ್ನು ಕೇಳಿ. ಬಿಟ್ಟುಹೋದರೆ ಯಾವ ಮೊತ್ತ ವಾಪಸು, ಯಾವುದು ಇಲ್ಲ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಡೊನೇಷನ್ ಮತ್ತು ಸಂದರ್ಶನದ ವಿಷಯದಲ್ಲಿ ಕಾನೂನು ಸ್ಪಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಎರಡನ್ನೂ ನಿಷೇಧಿಸುತ್ತದೆ. ಡೊನೇಷನ್ ಪಡೆದರೆ ಅದರ ಹತ್ತುಪಟ್ಟು, ಮಗುವನ್ನೋ ಪೋಷಕರನ್ನೋ ಪರೀಕ್ಷೆ ಮಾಡಿ ಆರಿಸಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ. ಆದರೂ ‘ಇಂಟರಾಕ್ಷನ್’ ಎಂಬ ಹೆಸರಲ್ಲಿ ಸಂದರ್ಶನ ನಡೆದೇ ಇದೆ. ರಸೀದಿ ಇಲ್ಲದ ಹಣ ಕೊಡಲೇಬೇಡಿ. ಇನ್ನು ಇದೇ ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆಂದು ಇಟ್ಟ ಶೇ 25 ಉಚಿತ ಸೀಟು: ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ನಿಯಮ ತಿದ್ದಿದ ಮೇಲೆ, 2019ರಿಂದ ಬೆಂಗಳೂರಿನಲ್ಲಿ ಅದರ ಆಸೆ ಇಟ್ಟುಕೊಳ್ಳುವಂತಿಲ್ಲ. ಕೇಂದ್ರೀಯ ವಿದ್ಯಾಲಯಗಳ ಒಂದನೇ ತರಗತಿಯಲ್ಲಿ ಮಾತ್ರ ಆ ಪಾಲು ಉಳಿದಿದೆ, ಲಾಟರಿ ಮೂಲಕ. ಸರ್ಕಾರಿ ನೌಕರರಲ್ಲದವರೂ ಅರ್ಜಿ ಹಾಕಬಹುದು.

ಈಗ ಸರ್ಕಾರಿ ಶಾಲೆ. ಒಳಗೆ ಹೋಗಿ ನೋಡದೆಯೇ ಇದನ್ನು ಪಟ್ಟಿಯಿಂದ ತೆಗೆಯುವುದು ದೊಡ್ಡ ತಪ್ಪು, ಕಣ್ಣುಮುಚ್ಚಿ ಸೇರಿಸುವುದೂ ತಪ್ಪೇ. ಒಂದು ಸಂಗತಿ ಬಹಳ ಜನಕ್ಕೆ ತಲೆಕೆಳಗಾಗಿ ಹೊಳೆಯುತ್ತದೆ: ಮಕ್ಕಳು ಕಡಿಮೆ ಇದ್ದರೆ ಮೇಷ್ಟ್ರು ಹೆಚ್ಚು ಗಮನ ಕೊಡುತ್ತಾರೆ ಎಂದುಕೊಳ್ಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, 61ರಿಂದ 90ರವರೆಗೆ ಮೂವರು. 40 ಮಕ್ಕಳ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು, ಅವರಲ್ಲೊಬ್ಬರು ಮುಖ್ಯಶಿಕ್ಷಕರಾದರೆ ಸಭೆ, ತರಬೇತಿ, ಬಿಸಿಯೂಟದ ಲೆಕ್ಕದಲ್ಲಿ ಅರ್ಧ ದಿನ ಹೋಗುತ್ತದೆ. 250 ಮಕ್ಕಳು ತುಂಬಿದ ಸರ್ಕಾರಿ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರು ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಗದ್ದಲವಿರುವ ಶಾಲೆಯನ್ನು ಮೊದಲು ನೋಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ಮುಖ್ಯಶಿಕ್ಷಕರನ್ನೂ ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನೂ ಕೇಳಿ. 1ರಿಂದ 3ನೇ ತರಗತಿಯ ಮಕ್ಕಳು ನಲಿ-ಕಲಿಯಲ್ಲಿ ಒಟ್ಟಿಗೆ ಕೂತಿರುವುದು ಕಂಡರೆ ಗಾಬರಿ ಬೇಡ. ಅದು ಕಲಿಕೆಯ ಮೆಟ್ಟಿಲು ಹತ್ತಿಸುವ ಪದ್ಧತಿ, ಸರಿಯಾಗಿ ಮಾಡಿದರೆ ಚೆನ್ನಾಗಿ ನಡೆಯುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುವ, ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಈ ತಿಂಗಳ ಗುರುತುಗಳಿವೆಯೇ ಎಂಬುದನ್ನು ಮಾತ್ರ ನೋಡಿ.

2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು, ಆಮೇಲೆ ಇನ್ನಷ್ಟು ಸೇರಿದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಅರ್ಜಿ ಹಾಕಿ, ಅಲ್ಲಿ ಸೀಟಿಗೆ ಪೈಪೋಟಿ ಇದೆ. ಇಂಗ್ಲಿಷ್ ವಿಭಾಗಕ್ಕೆ ಬೇರೆ ಶಿಕ್ಷಕರಿದ್ದಾರೋ, ಕನ್ನಡ ವಿಭಾಗದವರೇ ಎರಡನ್ನೂ ನೋಡಿಕೊಳ್ಳುತ್ತಿದ್ದಾರೋ ಕೇಳಿ. ಸಾಮಾನ್ಯ ಸರ್ಕಾರಿ ಶಾಲೆಯ ದೊಡ್ಡ ತೊಡಕು ಏಳನೇ ತರಗತಿಗೆ ಮುಗಿಯುವುದು. ಎಂಟಕ್ಕೆ ಯಾವ ಪ್ರೌಢಶಾಲೆ, ಅದು ಎಷ್ಟು ದೂರ, ಅದೇ ಮಾಧ್ಯಮ ಅಲ್ಲಿದೆಯೇ ಎಂಬುದು ಒಂದನೇ ತರಗತಿಗೆ ಸೇರಿಸುವಾಗಲೇ ಗೊತ್ತಿರಬೇಕು. ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಉಚಿತ. ಉಳಿದ ಹಣದಲ್ಲಿ ಮನೆಯಲ್ಲಿ ಕಥೆಪುಸ್ತಕಗಳ ಒಂದು ಕಪಾಟು ಮಾಡಿದರೆ ಅದೇ ದೊಡ್ಡ ಲಾಭ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5 ಮೀಸಲು ಇದೆ ಎಂಬುದೂ ತಿಳಿದಿರಲಿ.

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ಅನುದಾನಿತ ಶಾಲೆಗಳೂ ಇವೆ. ಸಂಬಳ ಸರ್ಕಾರದ್ದು, ಆಡಳಿತ ಸಂಸ್ಥೆಯದ್ದು, ಫೀಸು ಕಡಿಮೆ. ನಿವೃತ್ತರಾದವರ ಜಾಗಕ್ಕೆ ಯಾರು ಪಾಠ ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಿ.

ಪಠ್ಯಕ್ರಮದ ಬಗ್ಗೆ ಜನ ತಲೆಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಕೆಳತರಗತಿಯಲ್ಲಿಲ್ಲ. ನಮ್ಮ ಪ್ರೌಢಶಾಲೆಯ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ. ಐಸಿಎಸ್‌ಇಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಮೂರು ಬೇರೆ ಪತ್ರಿಕೆ, ಇಂಗ್ಲಿಷ್ ಓದು-ಬರಹ ಹೆಚ್ಚು. ಬೇರೆ ರಾಜ್ಯಕ್ಕೆ ವರ್ಗವಾಗುವ ಕೆಲಸವಿದ್ದವರಿಗೆ ಸಿಬಿಎಸ್‌ಇ ಅನುಕೂಲ. ಬೆಂಗಳೂರಿನಲ್ಲೇ ಇದ್ದು ಪಿಯುಸಿ ಓದಿಸುವವರಿಗೆ ಮೂರೂ ಒಂದೇ ಬಾಗಿಲಿಗೆ ತಲುಪುತ್ತವೆ.

ದೂರದ ಲೆಕ್ಕ ಮಾತ್ರ ಪ್ರತಿ ದಿನ ತೆರಬೇಕಾದದ್ದು. ಬಸ್ಸಿನಲ್ಲಿ ಹೋಗಲು 45 ನಿಮಿಷ, ಬರಲು 45 ನಿಮಿಷ ಎಂದರೆ 200 ದಿನಕ್ಕೆ 300 ಗಂಟೆ. 1ರಿಂದ 5ನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕನಿಷ್ಠ ಬೋಧನಾ ಅವಧಿಯೇ ವರ್ಷಕ್ಕೆ 800 ಗಂಟೆ. ಗೂಗಲ್ ಮ್ಯಾಪ್ ನಂಬದೆ, ಸೋಮವಾರ ಬೆಳಿಗ್ಗೆ ಏಳೂವರೆಗೆ ಆ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಮಗುವನ್ನು ಎಷ್ಟನೇ ಸ್ಟಾಪಿನಲ್ಲಿ ಹತ್ತಿಸಿಕೊಳ್ಳುತ್ತಾರೆಂದೂ ಕೇಳಿ. ಮೊದಲ ಸ್ಟಾಪಾದರೆ ಆ ಮಗು ಊರೆಲ್ಲ ಸುತ್ತಿ ಶಾಲೆ ಸೇರುತ್ತದೆ.

ಶಾಲೆಗೆ ಹೋದಾಗ ಸ್ಮಾರ್ಟ್‌ಬೋರ್ಡು, ಈಜುಕೊಳ ತೋರಿಸುತ್ತಾರೆ. ನೋಡಿ, ಸಂತೋಷ. ಆಮೇಲೆ ಮೂರನೇ ತರಗತಿಯ ನೋಟ್‌ಬುಕ್ ಕೇಳಿ. ಐದು ಮಕ್ಕಳ ಪುಸ್ತಕದಲ್ಲಿ ಒಂದೇ ಉತ್ತರ ಅಕ್ಷರಶಃ ಇದ್ದರೆ ಅಲ್ಲಿ ನಡೆಯುತ್ತಿರುವುದು ಬೋರ್ಡಿನಿಂದ ನಕಲು. ತಪ್ಪಿಗೆ ಬರೀ ಕೆಂಪು ಗೀಟು ಇದೆಯೋ, ಮಗು ತಿದ್ದಿ ಮತ್ತೆ ಬರೆದಿದೆಯೋ ಗಮನಿಸಿ. ಶೌಚಾಲಯವನ್ನು ಬೆಳಿಗ್ಗೆ ನೋಡಬೇಡಿ, ಮಧ್ಯಾಹ್ನ ಎರಡೂವರೆಗೆ ನೋಡಿ. ಸರ್ಕಾರಿ ಶಾಲೆಗೆ ಊಟದ ಹೊತ್ತಿಗೆ ಹೋದರೆ ಅಡುಗೆ, ನೀರು, ಶಿಕ್ಷಕರು ಮಕ್ಕಳ ಜೊತೆ ಮಾತಾಡುವ ರೀತಿ ಎಲ್ಲ ಒಟ್ಟಿಗೆ ಕಾಣುತ್ತವೆ. ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರಂತೆ ಎಲ್ಲ ಮಂಡಳಿಯ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಅದಕ್ಕೆ ಪೂರ್ಣಾವಧಿ ಕನ್ನಡ ಶಿಕ್ಷಕರಿದ್ದಾರೆಯೇ, ವಾರಕ್ಕೆ ಎಷ್ಟು ಪೀರಿಯಡ್ ಎಂದು ಕೇಳಲು ಸಂಕೋಚ ಬೇಡ.

ಆಯ್ಕೆ ತಪ್ಪಿದೆ ಅನಿಸಿದರೆ ಬದಲಿಸಲು ದಾರಿಯಿದೆ. ಎಂಟನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವ ಮಗುವನ್ನು, ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹಿಂದಕ್ಕೆ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹಾಗೆನ್ನುತ್ತದೆ. ಬಾಕಿ ಫೀಸಿಗಾಗಿ ಹಳೆಯ ಶಾಲೆ ಟಿಸಿ ತಡೆಹಿಡಿದರೆ ಬಿಇಒಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸೇರಿದ ಮೇಲೆ ಸ್ಯಾಟ್ಸ್‌ನಲ್ಲಿ ಮಗು ಹೊಸ ಶಾಲೆಗೆ ವರ್ಗವಾಗಿದೆಯೇ, ಹೆಸರಿನ ಕಾಗುಣಿತ ಮತ್ತು ಹುಟ್ಟಿದ ದಿನಾಂಕ ಜನನ ಪ್ರಮಾಣಪತ್ರದಂತೆಯೇ ಇವೆಯೇ ನೋಡಿ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾಗುವುದು ಅದೇ ಹೆಸರು, ಅದೇ ದಿನಾಂಕ. ಆಗ ತಿದ್ದಿಸಲು ಕಚೇರಿ ಅಲೆಯುವುದಕ್ಕಿಂತ ಈಗ ಮುಖ್ಯಶಿಕ್ಷಕರ ಮೇಜಿನ ಮುಂದೆ ಐದು ನಿಮಿಷ ನಿಲ್ಲುವುದು ಸುಲಭ.