ಅಂಚೆಪೆಟ್ಟಿಗೆ ಎಲ್ಲಿದೆ?

ಹಿರಿಯರಿಗಾಗಿ ಕಟ್ಟಿದ ವಸತಿ ಸಮುದಾಯವನ್ನು ನೋಡಲು ಹೋದವರಿಗೆ ಮೊದಲು ತೋರಿಸುವುದು ಗ್ರಂಥಾಲಯ, ವ್ಯಾಯಾಮದ ಕೊಠಡಿ, ಸಭಾಂಗಣ. ನಿವಾಸಿಗಳಿಗೆ ಬಂದ ಪತ್ರಗಳನ್ನು ಹಾಕಿಡುವ ಅಂಚೆಪೆಟ್ಟಿಗೆಗಳನ್ನು ಎಲ್ಲಿಟ್ಟಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ನಾನಾದರೆ ಅದನ್ನೇ ಮೊದಲು ಕೇಳುತ್ತೇನೆ.

ಇದಕ್ಕೆ ಕಾರಣ ಒಂದು ಹಳೆಯ ಅಧ್ಯಯನ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳು ವೆಸ್ಟ್‌ಗೇಟ್ ಎಂಬ ವಸತಿಗೃಹಗಳಲ್ಲಿ ಬಂದು ನೆಲೆಸಿದರು. ಅಲ್ಲಿ ಯಾರಿಗೆ ಯಾರು ಹತ್ತಿರವಾದರು ಎಂಬುದನ್ನು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಪಕ್ಕದ ಮನೆಯವರು ಸ್ನೇಹಿತರಾಗುವುದು ಹೆಚ್ಚು ಎಂಬುದರಲ್ಲಿ ಅಚ್ಚರಿಯಿಲ್ಲ. ಆದರೆ ಮೆಟ್ಟಿಲ ಬುಡದಲ್ಲಿ, ಅಂಚೆಪೆಟ್ಟಿಗೆಗಳ ಬಳಿ ಮನೆ ಸಿಕ್ಕವರಿಗೆ ಮೇಲಿನ ಮಹಡಿಯವರ ಗೆಳೆತನವೂ ಹೆಚ್ಚಾಗಿ ದಕ್ಕಿತ್ತು. ಸ್ವಭಾವದ ಪಾಲು ಎಂದು ನಾವು ನಂಬಿದ್ದರಲ್ಲಿ ಒಂದಷ್ಟು ಮೆಟ್ಟಿಲಿನ ಪಾಲೂ ಇತ್ತು.

ಅವರು ತರುಣರು, ನಿಜ. 1975ರಲ್ಲಿ ಸಂಶೋಧಕರಾದ ಲೂಸಿಲ್ ನಹೆಮೊ ಮತ್ತು ಪೊವೆಲ್ ಲಾಟನ್ ಮ್ಯಾನ್‌ಹಟನ್‌ನ ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ವೃದ್ಧರನ್ನೂ ಸೇರಿಸಿಕೊಂಡು ಇದೇ ಪ್ರಶ್ನೆ ಕೇಳಿದರು. ಸಮುಚ್ಚಯದೊಳಗಿನ ಆಪ್ತರೆಂದು ಜನ ಮೊದಲು ಹೆಸರಿಸಿದವರಲ್ಲಿ 88 ಶೇಕಡಾ ಮಂದಿ ಅದೇ ಕಟ್ಟಡದವರು. ವಯಸ್ಸು ಅಥವಾ ಜನಾಂಗ ಬೇರೆಯಾಗಿದ್ದೂ ಕೂಡಿಬಂದ ಸ್ನೇಹಗಳು ಹೆಚ್ಚಾಗಿ ಒಂದೇ ಮಹಡಿಯಲ್ಲಿದ್ದವು.

ಕರೆಯದೆ, ನೆಪವಿಲ್ಲದೆ, ಮತ್ತೆ ಮತ್ತೆ ಎದುರಾಗುವುದರ ಫಲವಿದು. ವಯಸ್ಸಾದಂತೆ ಮೊದಲು ಕೈತಪ್ಪುವುದೂ ಇದೇ. ನಿವೃತ್ತಿಯಾದೊಡನೆ ಕಚೇರಿಯ ಮುಖಗಳು ಇಲ್ಲವಾಗುತ್ತವೆ. ಮಂಡಿನೋವು ಅಂಗಡಿಯ ದಾರಿಯನ್ನು ಉದ್ದವಾಗಿಸುತ್ತದೆ. ಸಂಗಾತಿ ತೀರಿಕೊಂಡರೆ ಅವರ ಮೂಲಕ ಬರುತ್ತಿದ್ದವರೂ ಬರುವುದು ಕಡಿಮೆಯಾಗುತ್ತದೆ. ವಸತಿ ಸಮುದಾಯ ಹಿಂದಿರುಗಿಸಬಹುದಾದದ್ದು ಈ ಆಕಸ್ಮಿಕ ಭೇಟಿಗಳನ್ನು. ಕಾರ್ಯಕ್ರಮಪಟ್ಟಿಯಿಂದ ಅದು ಆಗುವುದಿಲ್ಲ ಎಂಬುದು ನನ್ನ ಗುಮಾನಿ. ಸಂವಹನ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ಅವರು ಗಮನಿಸಿದ್ದು ವೃದ್ಧರನ್ನಲ್ಲ. ಆದರೂ ಗುಣಾಕಾರ ಮಾಡಿ ನೋಡಿ. ವಾರಕ್ಕೊಂದು ಗಂಟೆಯ ಸಂಗೀತಗೋಷ್ಠಿಯಲ್ಲಿ 200 ಗಂಟೆ ಕೂಡಲು ನಾಲ್ಕು ವರ್ಷ ಹಿಡಿಯುತ್ತದೆ, ಅದೂ ಎಲ್ಲರೂ ವೇದಿಕೆಯತ್ತ ಮುಖಮಾಡಿ ಕುಳಿತಿರುವಾಗ. ದಿನವೂ ಸಂಜೆ ಅರ್ಧ ಗಂಟೆ ಒಂದೇ ಬೆಂಚಿನಲ್ಲಿ ಕುಳಿತರೆ ಹದಿಮೂರು ತಿಂಗಳು ಸಾಕು.

ಆದರೆ ಬೆಂಚು ಹಾಕಿದ ಮಾತ್ರಕ್ಕೆ ಎಲ್ಲರೂ ಬಂದು ಕೂರುವುದಿಲ್ಲ. ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ನೂರು ಜನ ಉಣ್ಣುವ ಊಟದ ಮನೆಯಲ್ಲೂ ಒಬ್ಬರು ಒಂಟಿಯಾಗಿರಬಲ್ಲರು; ಒಬ್ಬರೇ ಬಾಳುತ್ತ ನೆಮ್ಮದಿಯಾಗಿರುವವರೂ ಇದ್ದಾರೆ. ಬೇಕೆನಿಸುವ ಬಾಂಧವ್ಯಕ್ಕೂ ಇರುವ ಬಾಂಧವ್ಯಕ್ಕೂ ನಡುವಿನ ಕೊರತೆ ನೋವಾಗಿ ತಿಳಿಯುವುದೇ ಒಂಟಿತನ. ಷಿಕಾಗೋದ ಮನಶ್ಶಾಸ್ತ್ರಜ್ಞ ಜಾನ್ ಕ್ಯಾಸಿಯೊಪ್ಪೊ ಅದನ್ನು ಹಸಿವಿಗೆ ಹೋಲಿಸುತ್ತಿದ್ದರು. 2020ರಲ್ಲಿ ಎಂಐಟಿಯ ಪ್ರಯೋಗವೊಂದರಲ್ಲಿ ಆ ಹೋಲಿಕೆಗೆ ಬಲ ಬಂತು: ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ ಕಳೆದವರಿಗೆ ಜನ ಕೂಡಿರುವ ಚಿತ್ರ ತೋರಿಸಿದಾಗ ನಡುಮಿದುಳಿನ ಒಂದು ಭಾಗ ಚುರುಕಾಯಿತು. ಅಷ್ಟೇ ಹೊತ್ತು ಉಪವಾಸವಿದ್ದವರಿಗೆ ಆಹಾರದ ಚಿತ್ರ ತೋರಿಸಿದಾಗಲೂ ಅದೇ ಭಾಗ ಹಾಗೆಯೇ ಚುರುಕಾಗಿತ್ತು.

ಹಸಿದವನು ತಟ್ಟೆಯನ್ನು ಅನುಮಾನಿಸುವುದಿಲ್ಲ. ಬಹುಕಾಲ ಒಂಟಿಯಾಗಿರುವವರು ಮಾತ್ರ ಜನರನ್ನು ಅನುಮಾನಿಸತೊಡಗುತ್ತಾರೆ. ಕ್ಯಾಸಿಯೊಪ್ಪೊ ಅವರ ವಿವರಣೆಯಂತೆ, ಗುಂಪಿನ ಆಸರೆಯಿಲ್ಲವೆಂದು ಬಗೆದ ಮಿದುಳು ಕಾವಲಿಗೆ ನಿಲ್ಲುತ್ತದೆ. ನಿದ್ದೆ ತುಂಡಾಗುತ್ತದೆ, ಎದುರು ಬಂದವರ ಮೌನ ತಾತ್ಸಾರವಾಗಿ ಕಾಣುತ್ತದೆ. ಒಂಟಿತನವನ್ನು ತಗ್ಗಿಸುವ ಪ್ರಯತ್ನಗಳನ್ನು ಅವರೂ ಸಹೋದ್ಯೋಗಿಗಳೂ 2011ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಜನರನ್ನು ಕಲೆಹಾಕುವ ಯತ್ನಗಳಿಗಿಂತ ಈ ಅನುಮಾನದ ಗಂಟನ್ನೇ ಬಿಡಿಸಲು ನೋಡಿದವು ಹೆಚ್ಚು ಫಲ ಕೊಟ್ಟಿದ್ದವು. ಬಂದ ಮೊದಲ ವಾರ ಕೋಣೆಯಿಂದ ಹೊರಗೆ ಬಾರದ ಹೊಸಬರನ್ನು ‘ಬೆರೆಯುವ ಸ್ವಭಾವದವರಲ್ಲ’ ಎಂದು ಪಟ್ಟಿಯಿಂದ ಕೈಬಿಡುವುದು ಅದಕ್ಕೇ ದೊಡ್ಡ ತಪ್ಪು. (ಕಿವಿ ಮಂದವಾಗಿರಲೂಬಹುದು. ತಟ್ಟೆ ಲೋಟಗಳ ಸದ್ದು ಗೋಡೆಗೆ ಬಡಿದು ಮಾರ್ದನಿಗೊಡುವ ಊಟದ ಮನೆಯಲ್ಲಿ ಅವರಿಗೆ ಎದುರಿನವರ ತುಟಿ ಅಲುಗುವುದಷ್ಟೇ ಗೊತ್ತಾಗುತ್ತದೆ.)

ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿರುವ ಹ್ಯುಮಾನಿಟಾಸ್ ಎಂಬ ವೃದ್ಧರ ನಿವಾಸ ಕೆಲವು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಟ್ಟಿತು. ಷರತ್ತು ಒಂದೇ: ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿರಬೇಕು. ವಿದ್ಯಾರ್ಥಿ ರಾತ್ರಿ ತಡವಾಗಿ ಬಂದರೂ ಮರುದಿನ ಬೆಳಿಗ್ಗೆ ಮಾತಾಡಲು ಅದೇ ಒಂದು ವಿಷಯ! ಇನ್ನೊಂದು ದಾರಿ ಲಂಡನ್‌ನ ನ್ಯೂ ಗ್ರೌಂಡ್‌ನದು. ಐವತ್ತು ದಾಟಿದ ಮಹಿಳೆಯರಿಗಾಗಿಯೇ ಇರುವ ಅಲ್ಲಿನ 25 ಮನೆಗಳನ್ನು ನೋಡಿಕೊಳ್ಳುವವರು ಅಲ್ಲಿನ ನಿವಾಸಿಗಳೇ. ತೋಟ, ಲೆಕ್ಕಪತ್ರ, ಸಭೆ ಎಲ್ಲ ಅವರದೇ ಜವಾಬ್ದಾರಿ. ಗುಂಪು ಕಟ್ಟಿಕೊಂಡದ್ದು 1998ರಲ್ಲಿ, ಮನೆಗಳು ಕೈಗೆ ಬಂದದ್ದು 2016ರಲ್ಲಿ. ಜಾಗ, ಹಣ, ಪರವಾನಗಿ ಎಂದು ವರ್ಷಾನುಗಟ್ಟಲೆ ಜೊತೆಯಾಗಿ ಅಲೆದಿದ್ದ ಅವರಲ್ಲಿ ಅನೇಕರಿಗೆ, ಬೀಗ ತೆಗೆದು ಒಳಗೆ ಕಾಲಿಟ್ಟ ದಿನ ಪಕ್ಕದ ಬಾಗಿಲಿನವರ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.