ನೆಲ ಎಷ್ಟು ಸರಿಯಿತು? ಉಪಗ್ರಹ ಕೊಡುವ ಲೆಕ್ಕ

ಗದಗ, ಹಾವೇರಿ ಕಡೆಯ ಹೊಲಗಳಿಗೆ ಈಚೆಗೆ ಭೂಮಾಪಕರು ಸರಪಳಿಯ ಬದಲು ರೋವರ್ ಹಿಡಿದು ಬರತೊಡಗಿದ್ದಾರೆ. ಕೋಲಿನ ತುದಿಯಲ್ಲಿ ಆಂಟೆನಾ ಇರುವ ಈ ಉಪಕರಣ, 20,000 ಕಿಲೋಮೀಟರಿನಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಗ್ರಹಿಸಿ, ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು, ಹೊಲದ ಬದುವನ್ನು ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ಗುರುತಿಸುತ್ತದೆ. ಇಂಥದೇ ಆಂಟೆನಾವನ್ನು ಒಂದೆಡೆ ಶಾಶ್ವತವಾಗಿ ನೆಟ್ಟು, ಅದರ ಸ್ಥಾನವನ್ನು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತಿದ್ದರೆ, ಭೂಕಂಪವಾದಾಗ ನೆಲ ಯಾವ ದಿಕ್ಕಿಗೆ, ಎಷ್ಟು ಸರಿಯಿತೆಂಬುದು ಆಗಲೇ ತಿಳಿಯುತ್ತದೆ. ಇದು ಭೂಕಂಪದ ಮುನ್ಸೂಚನೆಯಲ್ಲ. ಆರಂಭವಾದ ಕಂಪನದ ಗಾತ್ರವನ್ನು ಬೇಗ ಅಳೆಯುವ ಉಪಾಯ ಮಾತ್ರ.

ಭೂಕಂಪಮಾಪಕಗಳಿರುವಾಗ ಇದೇಕೆ ಬೇಕೆಂಬುದಕ್ಕೆ ಜಪಾನಿನಲ್ಲಿ ಉತ್ತರವಿದೆ. 2011ರ ಮಾರ್ಚ್ 11ರಂದು ಅಲ್ಲಿನ ಹವಾಮಾನ ಸಂಸ್ಥೆ ಮೊದಲ ನಿಮಿಷಗಳಲ್ಲಿ ಅಂದಾಜಿಸಿದ ಭೂಕಂಪದ ಗಾತ್ರ (ಮ್ಯಾಗ್ನಿಟ್ಯೂಡ್) 7.9, ನಿಜವಾದದ್ದು 9.0. ಅಂಕಿಯಲ್ಲಿ ಸಣ್ಣದಾಗಿ ಕಾಣುವ ಈ ಅಂತರ, ಹೊರಬಿದ್ದ ಶಕ್ತಿಯಲ್ಲಿ ನಲವತ್ತು ಪಟ್ಟಿಗೂ ಮಿಕ್ಕಿದ್ದು. ಹಾಗಾಗಿ ಇವಾತೆ ಮತ್ತು ಫುಕುಶಿಮಾ ಕರಾವಳಿಗೆ ಹೋದ ಮೊದಲ ಸುನಾಮಿ ಎಚ್ಚರಿಕೆಯಲ್ಲಿ ಅಲೆಯ ಎತ್ತರ 3 ಮೀಟರ್ ಎಂದಷ್ಟೇ ಇತ್ತು. ಮಾಪಕ ಕೆಟ್ಟಿರಲಿಲ್ಲ. ಬಿರುಕು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡುವ ಮಹಾಕಂಪಗಳಲ್ಲಿ ವೇಗವಾಗಿ ಅದುರುವ ಅಲೆಗಳು ಒಂದು ಮಿತಿಯ ಆಚೆಗೆ ಬೆಳೆಯುವುದಿಲ್ಲ. ಮಾಪಕ ದಾಖಲಿಸಿದ ವೇಗೋತ್ಕರ್ಷದಿಂದ (ವೇಗ ಬದಲಾಗುವ ದರದಿಂದ) ನೆಲದ ಸ್ಥಳಾಂತರವನ್ನು ಲೆಕ್ಕಿಸಲು ಹೋದರೆ ಉಪಕರಣದ ಅಲ್ಪ ಓರೆಯೂ ದೊಡ್ಡ ದೋಷವಾಗಿ ಬೆಳೆಯುತ್ತದೆ. ಉಪಗ್ರಹದ ಲೆಕ್ಕಕ್ಕೆ ಈ ತೊಡಕಿಲ್ಲ, ಏಕೆಂದರೆ ಅದು ಅಳೆಯುವುದೇ ಸ್ಥಾನವನ್ನು. ಜಪಾನಿನ ಓಶಿಕಾ ಪರ್ಯಾಯ ದ್ವೀಪದಲ್ಲಿ ನೆಟ್ಟಿದ್ದ ಇಂಥ ಆಂಟೆನಾ ಕೇಂದ್ರ ಅಂದು 5 ಮೀಟರಿಗೂ ಹೆಚ್ಚು ಸರಿದು, ಒಂದು ಮೀಟರಿನಷ್ಟು ಕುಸಿದಿತ್ತು. ಇಂಥ ದತ್ತಾಂಶವನ್ನು ಕೂಡಲೇ ಬಳಸಿದ್ದರೆ ನಿಜವಾದ ಗಾತ್ರ ಕೆಲವೇ ನಿಮಿಷಗಳಲ್ಲಿ ಸಿಗುತ್ತಿತ್ತೆಂದು ನಂತರದ ವಿಶ್ಲೇಷಣೆಗಳು ತೋರಿಸಿದವು.

ಆದರೆ ತತ್‌ಕ್ಷಣದ ಲೆಕ್ಕದಲ್ಲಿ ಒಂದೆರಡು ಸೆಂಟಿಮೀಟರಿನ ಏರಿಳಿತ ಸಹಜ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ ಎತ್ತರದ ಅಳತೆ ಇನ್ನೂ ಒರಟು. ಮಹಾರಾಷ್ಟ್ರದ 1993ರ ಕಿಲ್ಲಾರಿ ಭೂಕಂಪದಂಥದ್ದು ಮರುಕಳಿಸಿದರೂ ಮುನ್ನೂರು ಕಿಲೋಮೀಟರಿಗೂ ದೂರದ ಧಾರವಾಡದ ಕೇಂದ್ರದಲ್ಲಿ ಏನೂ ಕಾಣಿಸದು. ಅಲ್ಲಿ ಭೂಕಂಪಮಾಪಕವೇ ಗತಿ. ಆಂಟೆನಾ ನೆಡುವ ಜಾಗವೂ ಮುಖ್ಯ. ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಭೂಮಿಯಲ್ಲಿ ಕಂಬ ನಿಲ್ಲಿಸಿದರೆ ದಾಖಲಾಗುವುದು ಮಣ್ಣಿನ ಚಲನೆಯೇ ಹೊರತು ಭೂಪದರದ್ದಲ್ಲ. ಅದಕ್ಕೆ ಕಪ್ಪತಗುಡ್ಡದಂಥ ಕಡೆಯ ಗಟ್ಟಿ ಬಂಡೆಯೇ ಬೇಕು.

ಹೀಗಾಗಿ ತತ್‌ಕ್ಷಣದ ನಿಗಾಕ್ಕೆ ಹಣ ಹಾಕುವುದಾದರೆ ಮೊದಲ ಸರದಿ ನಮ್ಮ ಸೀಮೆಯದಲ್ಲ, ಅಂಡಮಾನ್-ನಿಕೋಬಾರಿನದು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಆ ದ್ವೀಪಗಳವರೆಗೆ ಸುಮಾರು 1,300 ಕಿಲೋಮೀಟರ್ ಬಿರುಕು ಬಿಟ್ಟಾಗಲೂ ಮೊದಲ ಅಂದಾಜು 8ರ ಆಸುಪಾಸಿನಲ್ಲೇ ನಿಂತಿತ್ತು; ಅತ್ತ ಇಂದಿರಾ ಪಾಯಿಂಟಿನ ನೆಲ ನಾಲ್ಕು ಮೀಟರಿನಷ್ಟು ಕುಸಿದಿತ್ತು.